ನೀರು ಕಮ್ಮಿ ಇರೋ ಮನೇಲಿ ಕೈ ತೊಳೆಯೋ ಜಾಗ ಮಾಡ್ಕೊಳ್ಳೋದು ಹೇಗೆ, ಎಲ್ರಿಗೂ ಅಭ್ಯಾಸ ಆಗೋ ಥರ

ಚಿಂತಾಮಣಿ, ಶಿಡ್ಲಘಟ್ಟ, ಮುಳಬಾಗಿಲು ಕಡೆಯವ್ರು ಯಾರೇ ಸಿಕ್ಲಿ, ಕೈ ತೊಳೆಯೋ ವಿಷ್ಯ ಬಂತು ಅಂದ್ರೆ ಅದೇ ನಾಲ್ಕು ಪ್ರಶ್ನೆ. ನೀರು ಮೂರು ದಿನಕ್ಕೊಂದ್ಸಲ ಬರುತ್ತೆ, ಅದ್ರಲ್ಲಿ ದಿನಕ್ಕೆ ಆರು ಸಲ ಕೈ ತೊಳೆಯೋಕಾಗುತ್ತಾ? ಬೋರ್ ನೀರಲ್ಲಿ ಸೋಪು ನೊರೇನೇ ಬರಲ್ಲ, ಏನ್ಮಾಡೋದು? ಫ್ಲೋರೈಡ್ ನೀರಲ್ಲಿ ಕೈ ತೊಳೆದ್ರೆ ಏನಾದ್ರೂ ಆಗುತ್ತಾ? ಮಕ್ಕಳು ಎಷ್ಟು ಹೇಳಿದ್ರೂ ಕೇಳಲ್ಲ, ಏನು ದಾರಿ? ಒಬ್ಬೊಬ್ರಿಗೆ ಒಂದೊಂದ್ಸಲ ಹೇಳೋ ಬದ್ಲು ಎಲ್ಲಾನೂ ಇಲ್ಲೇ ಬರೀತಿದ್ದೀನಿ, ಓದ್ಬಿಟ್ಟು ಒಂದು ಭಾನುವಾರ ಕೂತ್ಕೊಂಡು ಮಾಡ್ಬಿಡಿ.

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಕೈ ಯಾಕೆ ತೊಳೀಬೇಕು ಅನ್ನೋದು ನಮ್ ಜನಕ್ಕೆ ಗೊತ್ತಿಲ್ದೆ ಏನಿಲ್ಲ, ಅಂಗನವಾಡಿ ಮಗೂನ ಕೇಳಿದ್ರೂ ಹೇಳುತ್ತೆ. ಗೊತ್ತಿದ್ರೂ ಆಗ್ತಿಲ್ಲ, ಅಷ್ಟೇ. 2018ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಯವ್ರು, ಅಂದ್ರೆ ದೇಶದಾದ್ಯಂತ ಒಂದಷ್ಟು ಮನೆ ಆರಿಸ್ಕೊಂಡು ಹೋಗಿ ಕೇಳಿ ಲೆಕ್ಕ ತೆಗೆಯೋವ್ರು, ಇದನ್ನೂ ಕೇಳಿದ್ರು. ಕಕ್ಕಸಿಗೆ ಹೋಗಿ ಬಂದ್ಮೇಲೆ ಸೋಪು ಹಾಕಿ ತೊಳೀತೀವಿ ಅಂದ ಮನೆಗಳು ಶೇ. 74ರಷ್ಟು. ಊಟಕ್ಕೆ ಮುಂಚೆ ಸೋಪು ಹಾಕ್ತೀವಿ ಅಂದಿದ್ದು ಬರೀ ಶೇ. 36ರಷ್ಟು, ಶೇ. 60ರಷ್ಟು ಮನೆಗಳಲ್ಲಿ ಊಟಕ್ಕೆ ಮುಂಚೆ ಬರೀ ನೀರು. ಅದೂ ಅವ್ರ ಬಾಯಲ್ಲಿ ಹೇಳಿದ ಲೆಕ್ಕ, ಪಕ್ಕದಲ್ಲಿ ನಿಂತು ನೋಡಿದ್ರೆ ಇನ್ನೂ ಕಮ್ಮೀನೇ ಇರುತ್ತೆ.

ನಮ್ ಮನೆಗಳಲ್ಲಿ ಊಟ ಮಾಡೋದನ್ನ ಒಂದ್ಸಲ ಗಮನಿಸಿ ನೋಡಿ. ಮುದ್ದೆ ಮುರಿಯೋಕೆ ಮುಂಚೆ ಲೋಟದ ನೀರನ್ನ ಬೆರಳ ತುದಿಗೆ ಚಿಮುಕಿಸ್ಕೊಳ್ತಾರೆ, ಊಟ ಆದ್ಮೇಲೆ ಮಾತ್ರ ಬಸ್ಸಾರಿನ ಜಿಡ್ಡು ಹೋಗ್ಬೇಕು ಅಂತ ಹಿತ್ತಲಿಗೆ ಹೋಗಿ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೀತಾರೆ. ಸೋಪೂ ಇದೆ, ನೀರೂ ಇದೆ, ಹೊತ್ತು ಮಾತ್ರ ತಿರುಗ್ಸಿ ಹಾಕ್ಕೊಂಡಿದ್ದೀವಿ.

ಏನೇನು ಬೇಕು

ಮುಚ್ಚಳ ಇರೋ 20 ಲೀಟರ್ ಪೇಂಟ್ ಬಕೆಟ್ ಒಂದು, ಅರ್ಧ ಇಂಚಿನ ಪ್ಲಾಸ್ಟಿಕ್ ನಲ್ಲಿ ಒಂದು, ಅದಕ್ಕೆ ಒಳಗಿಂದ ಹಾಕೋ ನಟ್ಟು, ಎರಡು ರಬ್ಬರ್ ವಾಷರ್, ಒಂದು ಸುತ್ತು ಟೆಫ್ಲಾನ್ ಟೇಪ್ (ನಲ್ಲಿ ಥ್ರೆಡ್‌ಗೆ ಸುತ್ತೋ ಬಿಳಿ ತೆಳ್ಳಗಿನ ಟೇಪು, ನೀರು ಸೋರದೇ ಇರ್ಲಿ ಅಂತ), ಈರುಳ್ಳಿ ಬರುತ್ತಲ್ಲ ಆ ಬಲೆ ಚೀಲದ ತುಂಡು, ದಾರ, ಒಂದು ಖಾಲಿ ಬಾಟ್ಲಿ. ಹಾರ್ಡ್‌ವೇರ್ ಅಂಗಡಿ ಸಾಮಾನೆಲ್ಲ ಸೇರಿ ನೂರಿನ್ನೂರು ರೂಪಾಯಿ ಒಳಗೆ ಮುಗಿಯುತ್ತೆ. ಮನೇಲಿ ಸಂಪು, ಸಿಂಟೆಕ್ಸು, ವಾಶ್ ಬೇಸಿನ್ ಎಲ್ಲಾ ಇದ್ದು ನಲ್ಲೀಲಿ ದಿನಾ ನೀರು ಬರುತ್ತೆ ಅನ್ನೋರು ಮೂರನೇ ಹಂತ ಬಿಟ್ಟು ಮುಂದಕ್ಕೆ ಹೋಗಿ. ಆದ್ರೆ ಒಂದನೇ ಹಂತ ಓದ್ಲೇಬೇಕು, ಬೇಸಿನ್ ಇರೋ ಮನೆಯವ್ರೇ ಅಲ್ಲಿ ಜಾಸ್ತಿ ಎಡವೋದು.

ಹಂತ 1: ಜಾಗ ಗುರುತು ಮಾಡಿ

ಒಂದಿನ ಸುಮ್ನೆ ನೋಡಿ, ಯಾರ ಕೈ ಎಲ್ಲಿ ಗಲೀಜಾಗುತ್ತೆ, ಅಲ್ಲಿಂದ ಸೀದಾ ಎಲ್ಲಿಗೆ ಹೋಗ್ತಾರೆ ಅಂತ. ಬೆಳಗ್ಗೆ ಸಗಣಿ ಬಾಚಿ ತಿಪ್ಪೆಗೆ ಹಾಕಿ, ಹಾಲು ಕರೆದು ಡೈರಿಗೆ ಕೊಟ್ಟು ಬಂದೋರು ಒಲೆ ಹತ್ರ ಬರ್ತಾರೆ. ಮಗೂನ ಹಿತ್ತಲಲ್ಲಿ ಕೂರ್ಸಿ ತೊಳೆದು ಬಂದ ಅಜ್ಜಿ ಅದೇ ಮಗೂಗೆ ಅನ್ನ ಕಲಸ್ತಾರೆ. ಈ ದಾರಿಗಳೆಲ್ಲ ಸೇರೋ ಕಡೆ ಒಂದು ಜಾಗ, ಊಟಕ್ಕೆ ಕೂರೋ ಕಡೆಯಿಂದ ನಾಲ್ಕು ಹೆಜ್ಜೇಲಿ ಇನ್ನೊಂದು ಜಾಗ, ಈ ಎರಡು ಕಡೆ ನೀರು ಮತ್ತು ಸೋಪು ಒಟ್ಟಿಗೆ ಇರ್ಬೇಕು. "ಒಟ್ಟಿಗೆ" ಅನ್ನೋದೇ ಮುಖ್ಯ. ಬಚ್ಚಲಲ್ಲಿ ಸೋಪು, ಹಿತ್ತಲಲ್ಲಿ ನೀರು ಇದ್ರೆ ಯಾರೂ ಎರಡು ಕಡೆ ಓಡಾಡಿ ಕೈ ತೊಳೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ನವ್ರು ಒಂದು ಮನೇಲಿ ಕೈ ತೊಳೆಯೋ ಮೂಲ ಸೌಲಭ್ಯ ಇದೆ ಅಂತ ಲೆಕ್ಕಕ್ಕೆ ತಗೊಳ್ಳೋದೂ ನೀರು, ಸೋಪು ಎರಡೂ ಇದ್ರೇನೇ.

ಇಲ್ಲಿ ಆಗೋ ತಪ್ಪು: ಹೊಸ ಮನೆ ಕಟ್ಟಿಸ್ದಾಗ ಹಾಲ್‌ನ ಮೂಲೇಲಿ ಚೆಂದದ ಬೇಸಿನ್ ಹಾಕಿಸ್ತಾರೆ, ನೆಂಟರು ಬಂದಾಗ ಕಾಣ್ಲಿ ಅಂತ, ಅಡುಗೆ ಮಾಡೋರು ಹಿತ್ತಲ ಬಾಗಿಲಿಂದ ಓಡಾಡ್ತಾರೆ, ಆ ಬೇಸಿನ್ ಮೇಲೆ ನಾಲ್ಕು ತಿಂಗಳಿಗೆ ಬಾಚಣಿಗೆ, ಪೌಡರ್ ಡಬ್ಬಿ, ಕರೆಂಟ್ ಬಿಲ್ಲು ಕೂತಿರುತ್ತೆ. ಅಂಥ ಮನೆಯವ್ರೂ ಹಿತ್ತಲ ಬಾಗಿಲ ಹತ್ರ ಒಂದು ಬಕೆಟ್ ಇಟ್ಕೊಳ್ಳಿ, ಏನೂ ಮರ್ಯಾದೆ ಹೋಗಲ್ಲ.

ಹಂತ 2: ನೀರಿನ ಲೆಕ್ಕ ಹಾಕಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಸಾವಿರ, ಸಾವಿರದೈನೂರು ಅಡಿ ಕೊರೆದ್ರೂ ಬೋರ್ ಫೇಲ್ ಆಗೋ ಊರುಗಳು ನಮ್ದು. ಹಾಗಾಗಿ ನೀರಿಲ್ಲ ಅನ್ನೋ ಮಾತನ್ನ ನಾನು ನೆಪ ಅಂತ ತಳ್ಳಿಹಾಕಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ. ಸಣ್ಣ ಧಾರೇಲಿ ತೊಳೆದ್ರೆ ಒಂದ್ಸಲಕ್ಕೆ ಕಾಲು ಲೀಟರ್ ಸಾಕು. ಐದು ಜನ, ಒಬ್ಬೊಬ್ರು ದಿನಕ್ಕೆ ಆರು ಸಲ ಅಂದ್ರೆ ಮೂವತ್ತು ಸಲ, ಏಳೂವರೆ ಲೀಟರ್ ಆಯ್ತು. ಹಳ್ಳಿ ಮನೆಗಳಿಗೆ ನಲ್ಲಿ ನೀರು ಕೊಡೋ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿ ಮನೇಲಿ ತಲಾ ದಿನಕ್ಕೆ 55 ಲೀಟರ್ ಕೊಡ್ಬೇಕು, ಐದು ಜನಕ್ಕೆ 275 ಲೀಟರ್. ಅದ್ರಲ್ಲಿ ಅರ್ಧ ಬಂದ್ರೂ ಈ ಏಳೂವರೆ ಲೀಟರ್‌ಗೆ ಜಾಗ ಇದೆ. ಅದೇ ನಲ್ಲಿ ಪೂರ್ತಿ ಬಿಟ್ಕೊಂಡು ಸೋಪು ಉಜ್ಜಿದ್ರೆ ಒಬ್ರಿಗೇ ಒಂದ್ಸಲಕ್ಕೆ ಎರಡ್ಮೂರು ಲೀಟರ್ ಚರಂಡಿಗೆ ಹೋಗುತ್ತೆ, ಪ್ರಾಬ್ಲಂ ಇರೋದು ಅಲ್ಲಿ.

ಯಾವ ನೀರು ಅನ್ನೋ ಪ್ರಶ್ನೆ. ಶುದ್ಧ ನೀರಿನ ಘಟಕದಿಂದ ಕ್ಯಾನಲ್ಲಿ ತರೋ ಕುಡಿಯೋ ನೀರನ್ನ ಕೈಗೆ ಸುರೀಬೇಡಿ, ಅವಶ್ಯಕತೇನೇ ಇಲ್ಲ. ಬೋರ್ ನೀರು, ಉಪ್ಪು ನೀರು, ಟ್ಯಾಂಕರ್ ನೀರು ನಡೆಯುತ್ತೆ. ಫ್ಲೋರೈಡ್ ಕುಡಿಯೋದ್ರಿಂದ, ಅದ್ರಲ್ಲಿ ಅಡುಗೆ ಮಾಡಿ ತಿನ್ನೋದ್ರಿಂದ ಹಲ್ಲಿಗೆ, ಮೂಳೆಗೆ ತೊಂದ್ರೆ, ಕೈ ತೊಳೆಯೋದ್ರಿಂದ ಅಲ್ಲ. ಮನೇಲಿ ಕುಡಿಯೋ ನೀರು ಶುದ್ಧ ಮಾಡೋ ಆರ್‌ಒ ಮಷಿನ್ ಇದ್ರೆ ಅದ್ರ ಸಣ್ಣ ಪೈಪಲ್ಲಿ ಬಿಟ್ಟು ಹೋಗೋ ವೇಸ್ಟ್ ನೀರನ್ನ ಬಕೆಟ್‌ಗೆ ಹಿಡ್ಕೊಳ್ಳಿ, ಸ್ವಲ್ಪ ಉಪ್ಪು ಜಾಸ್ತಿ ಇರುತ್ತೆ ಅಷ್ಟೇ, ಕೈ ತೊಳೆಯೋಕೆ ಅದೇ ಸಾಕು, ಅದನ್ನ ಮೋರಿಗೆ ಬಿಡೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಕೆರೆ ನೀರಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಕೋಲಾರದ ಕೆರೆಗಳಿಗೆ, ಆಮೇಲೆ ಎಚ್.ಎನ್. ವ್ಯಾಲೀಲಿ ಚಿಕ್ಕಬಳ್ಳಾಪುರದ ಕಡೆ ಕೆರೆಗಳಿಗೆ ಬರ್ತಿರೋದು ಬೆಂಗಳೂರಿನ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿದ ನೀರು. ಅಂದ್ರೆ ಕೆಸರು, ಗಲೀಜು ಬಹುಪಾಲು ತೆಗೆದಿರ್ತಾರೆ, ಆದ್ರೆ ಅದು ಬಳಸೋ ಮಟ್ಟಕ್ಕೆ ಅಂತ ಅಲ್ಲ, ಅಂತರ್ಜಲ ಏರ್ಲಿ ಅಂತ ಕೆರೆ ತುಂಬಿಸೋ ನೀರು. ಹೊಲದಿಂದ ಬರ್ತಾ ಕೆರೇಲಿ ಕೈ ಅದ್ದಿ ಬುತ್ತಿ ಬಿಚ್ಚೋ ಅಭ್ಯಾಸ ಇದ್ರೆ ಬಿಟ್ಬಿಡಿ, ಮನೆಯಿಂದ ಒಂದು ಬಾಟ್ಲಿ ನೀರು ಒಯ್ಯಿರಿ.

ಹಂತ 3: ನಲ್ಲಿ ಬಕೆಟ್ ಮಾಡೋದು

ಚೊಂಬು, ಮಗ್ ಇರೋವಾಗ ಇದೆಲ್ಲ ಯಾಕೆ ಅಂತೀರಾ? ಮಗ್ ಹಿಡಿಯೋದು ಗಲೀಜು ಕೈಯಲ್ಲೇ. ತೊಳೆದಾದ್ಮೇಲೆ ಮತ್ತೆ ಅದೇ ಹಿಡಿ ಹಿಡಿತೀರಿ. ಜೊತೆಗೆ ಮಗ್ ಮುಳುಗ್ಸುವಾಗ ಬೆರಳು ತೊಟ್ಟಿ ನೀರಲ್ಲಿ ಅದ್ದುತ್ತೆ, ಮುಂದಿನವ್ರಿಗೆ ಅದೇ ನೀರು. ಇನ್ನು ಒಂದು ಕೈಲಿ ಮಗ್ ಹಿಡಿದ್ರೆ ಇನ್ನೊಂದು ಕೈನ ಉಜ್ಜೋದು ಯಾವುದ್ರಲ್ಲಿ? ಯಾರಾದ್ರೂ ನೀರು ಹಾಕ್ಬೇಕು, ಯಾರೂ ಇಲ್ದಿದ್ರೆ ಒಂದೇ ಕೈ ತೊಳೆದು ಎದ್ದು ಬರೋದು. ಧಾರೆ ತಾನಾಗೇ ಬೀಳ್ಬೇಕು, ಎರಡು ಕೈಯೂ ಖಾಲಿ ಇರ್ಬೇಕು.

ಬಕೆಟ್ ತಳದಿಂದ ಎರಡು ಬೆರಳು ಮೇಲೆ ಗುರುತು ಮಾಡಿ, ತೀರಾ ತಳದಲ್ಲಿ ಬೇಡ, ಬೋರ್ ನೀರಿನ ಮಣ್ಣು, ಬಿಳಿ ಪುಡಿ ತಳದಲ್ಲಿ ಕೂತು ನಲ್ಲೀಲಿ ಬರುತ್ತೆ. ಡ್ರಿಲ್ಲಿಂಗ್ ಮಷಿನ್ ಇಲ್ದಿದ್ರೆ ಕಬ್ಬಿಣದ ಸರಳು ಕಾಯ್ಸಿ ಚುಚ್ಚಿ, ಹೊರಗಡೆ ಗಾಳೀಲಿ ಮಾಡಿ, ಸುಟ್ಟ ಪ್ಲಾಸ್ಟಿಕ್ ಹೊಗೆ ಕುಡೀಬೇಡಿ. ತೂತು ಮೊದ್ಲು ಚಿಕ್ಕದಾಗೇ ಇರ್ಲಿ, ನಲ್ಲೀನ ಹಿಡಿದು ನೋಡ್ತಾ ನೋಡ್ತಾ ಚಾಕುವಲ್ಲಿ ದೊಡ್ಡದು ಮಾಡಿ, ದೊಡ್ಡದಾಗ್ಬಿಟ್ರೆ ಬಕೆಟ್ ಹಾಳು. ನಲ್ಲಿ ಥ್ರೆಡ್‌ಗೆ ಟೇಪನ್ನ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ, ಒಂದು ವಾಷರ್ ಹಾಕಿ ಹೊರಗಿಂದ ತೂರಿಸಿ, ಒಳಗಿಂದ ಇನ್ನೊಂದು ವಾಷರ್ ಹಾಕಿ ನಟ್ಟು ಬಿಗಿ ಮಾಡಿ. ಕೈಯಲ್ಲಿ ಬಿಗಿಯಾದ್ಮೇಲೆ ಪಾನಾದಲ್ಲಿ ಇನ್ನು ಅರ್ಧ ಸುತ್ತು, ಅಷ್ಟೇ, ಜಾಸ್ತಿ ತಿರುಗ್ಸಿದ್ರೆ ಬಕೆಟ್ ಸೀಳುತ್ತೆ. ನೀರು ತುಂಬ್ಸಿ ಒಂದು ಗಂಟೆ ಬಿಟ್ಟು ಕೆಳಗೆ ಒದ್ದೆ ಇದೆಯಾ ನೋಡಿ.

20 ಲೀಟರ್ ನೀರಿನ ಕ್ಯಾನ್‌ಗೆ ಹಾಕ್ಬಹುದಲ್ಲಾ ಅಂತ ಕೇಳ್ತಾರೆ. ಕ್ಯಾನ್ ಬಾಯಿ ಚಿಕ್ಕದು, ಒಳಗೆ ಕೈ ಹಾಕಿ ನಟ್ಟು ಬಿಗಿ ಮಾಡೋಕಾಗಲ್ಲ, ತೊಳೆಯೋಕೂ ಆಗಲ್ಲ. ಅದಕ್ಕೇ ಪೇಂಟ್ ಬಕೆಟ್ ಅಂದಿದ್ದು, ಬಾಯಿ ಅಗಲ. ಪೇಂಟ್ ಪೂರ್ತಿ ಹೋಗೋ ಹಾಗೆ ತೊಳೆದಿರ್ಬೇಕು. ತೋಟದ ಔಷಧಿ, ಅಂದ್ರೆ ಕೀಟನಾಶಕ ಬಂದಿದ್ದ ಡಬ್ಬ, ಕ್ಯಾನ್ ಯಾವುದನ್ನೂ ಎಷ್ಟೇ ತೊಳೆದಿದ್ರೂ ಇದಕ್ಕೆ ಬಳಸ್ಲೇಬೇಡಿ.

ನಲ್ಲಿ ತಗೊಳ್ಳುವಾಗ ಉದ್ದ ಹಿಡಿ ಇರೋದು ತಗೊಳ್ಳಿ, ಮೊಣಕೈಲಿ ತಳ್ಳಿ ನಿಲ್ಲಿಸ್ಬಹುದು. ಸ್ಕೂಲುಗಳಲ್ಲಿ ಇರುತ್ತಲ್ಲ, ಒತ್ತಿದ್ರೆ ಮಾತ್ರ ಬರೋ ನಲ್ಲಿ, ಅದು ಇಲ್ಲಿಗೆ ಅಷ್ಟು ಸರಿಹೋಗಲ್ಲ, ಒಂದು ಕೈ ಒತ್ಕೊಂಡೇ ಇರ್ಬೇಕಾಗುತ್ತೆ. ಬಕೆಟ್‌ನ ಎರಡು ಕಲ್ಲು ಕೂಚದ ತುಂಡಿನ ಮೇಲೋ, ಸೈಜುಗಲ್ಲಿನ ಮೇಲೋ ಇಡಿ, ಮನೇಲಿರೋ ಚಿಕ್ಕ ಮಗೂಗೆ ನಲ್ಲಿ ಎಟುಕಬೇಕು, ದೊಡ್ಡೋರು ಬಗ್ತಾರೆ ಬಿಡಿ. ಕೆಳಗೆ ಬೀಳೋ ನೀರನ್ನ ಬಾಳೆ ಗಿಡಕ್ಕೋ ನುಗ್ಗೆ ಮರಕ್ಕೋ ಹೋಗೋ ಹಾಗೆ ಕಾಲುವೆ ಎಳೀರಿ, ನಿಂತು ಕೆಸರಾದ್ರೆ ಮಾರನೇ ವಾರದಿಂದ ಯಾರೂ ಅಲ್ಲಿಗೆ ಹೋಗಲ್ಲ. ಮುಚ್ಚಳ ಯಾವಾಗ್ಲೂ ಹಾಕಿರ್ಲಿ, ವಾರಕ್ಕೊಂದ್ಸಲ ಪೂರ್ತಿ ಖಾಲಿ ಮಾಡಿ ಒಳಗೆ ಉಜ್ಜಿ ತುಂಬಿಸಿ, ಇಲ್ದಿದ್ರೆ ಡೆಂಗ್ಯೂ ಸೊಳ್ಳೆಗೆ ನೀವೇ ತೊಟ್ಟಿ ಇಟ್ಟ ಹಾಗೆ.

ತೋಟದ ಮನೇಲಿ, ಶೆಡ್ಡಲ್ಲಿ ಇಷ್ಟೂ ಆಗಲ್ಲ ಅಂದ್ರೆ ಒಂದು ಐದು ಲೀಟರ್ ಎಣ್ಣೆ ಕ್ಯಾನ್‌ನ ಕಡ್ಡಿಗೆ ನೇತುಹಾಕಿ, ಮೇಲ್ಗಡೆ ಒಂದು ಸಣ್ಣ ತೂತು ಮಾಡಿ, ಕ್ಯಾನ್ ಕತ್ತಿಗೆ ದಾರ ಕಟ್ಟಿ ದಾರದ ಇನ್ನೊಂದು ತುದೀನ ನೆಲದ ಹತ್ರ ಒಂದು ಕೋಲಿಗೆ ಕಟ್ಟಿ, ಕೋಲು ಕಾಲಲ್ಲಿ ತುಳಿದ್ರೆ ಕ್ಯಾನ್ ಬಗ್ಗಿ ಸಣ್ಣ ಧಾರೆ ಬೀಳುತ್ತೆ. ಕೈ ಎಲ್ಲೂ ಮುಟ್ಟೋ ಹಾಗೇ ಇಲ್ಲ. ಆಫ್ರಿಕಾದ ಜಿಂಬಾಬ್ವೆಯಲ್ಲಿ 1980ರ ದಶಕದಲ್ಲಿ ಶುರುವಾದ ಉಪಾಯ ಇದು, ಈಗ ನೀರಿನ ಕಷ್ಟ ಇರೋ ಎಷ್ಟೋ ದೇಶಗಳಲ್ಲಿ ಇದೆ.

ಹಂತ 4: ಸೋಪು

ಬೋರ್ ನೀರಲ್ಲಿ ನೊರೆ ಯಾಕೆ ಬರಲ್ಲ ಅಂದ್ರೆ ಅದು ಗಡಸು ನೀರು, ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರೋ ನೀರು. ಸೋಪು ಅದ್ರ ಜೊತೆ ಸೇರಿ ಬಿಳಿ ಮೊಸರು ಥರ ಗಷ್ಟು ಆಗುತ್ತೆ, ಬಚ್ಚಲ ಕಲ್ಲಿನ ಮೇಲೆ ಅಂಟಿರುತ್ತಲ್ಲ ಅದೇ. ಆ ಗಷ್ಟು ಕಟ್ಟೋದು ಮುಗಿದ್ಮೇಲೆ ಉಳಿದ ಸೋಪು ನೊರೆ ಬರುತ್ತೆ, ಅಷ್ಟು ಹೊತ್ತು ಜನ ಉಜ್ಜಲ್ಲ. ಇದಕ್ಕೆ ಎರಡು ದಾರಿ. ಮಳೆಗಾಲದಲ್ಲಿ ಸೂರಿನ ನೀರು ಹಿಡ್ಕೊಂಡ್ರೆ ಸೋಪು ಚೆನ್ನಾಗಿ ನೊರೆ ಬರುತ್ತೆ. ಉಳಿದ ದಿನ ಡಿಟರ್ಜೆಂಟ್, ಅಂದ್ರೆ ಬಟ್ಟೆ ಒಗೆಯೋ ಪುಡೀಲಿ ಮತ್ತೆ ಲಿಕ್ವಿಡ್ ಹ್ಯಾಂಡ್‌ವಾಶ್‌ಗಳಲ್ಲಿ ಇರೋ ಕೊಳೆ ಬಿಡಿಸೋ ಪದಾರ್ಥ, ಅದು ಗಡಸು ನೀರಲ್ಲೂ ಕೆಲಸ ಮಾಡುತ್ತೆ.

ಹ್ಯಾಂಡ್‌ವಾಶ್ ದುಬಾರಿ ಅನ್ನೋರು ಸೋಪು ನೀರು ಮಾಡ್ಕೊಳ್ಳಿ. ಬಾಂಗ್ಲಾದೇಶದ ಬಡ ಮನೆಗಳಲ್ಲಿ ಇದನ್ನ ಬಳಸ್ತಾರೆ: ಒಂದೂವರೆ ಲೀಟರ್ ನೀರಿಗೆ 30 ಗ್ರಾಂ ಬಟ್ಟೆ ಪುಡಿ, ಅಂದ್ರೆ ಸುಮಾರು ಎರಡು ದೊಡ್ಡ ಚಮಚ, ಹಾಕಿ ಅಲ್ಲಾಡ್ಸಿ, ಬಾಟ್ಲಿ ಮುಚ್ಚಳಕ್ಕೆ ಮೊಳೆ ಕಾಯ್ಸಿ ಒಂದು ತೂತು ಮಾಡಿ, ಒತ್ತಿದ್ರೆ ನಾಲ್ಕು ಹನಿ ಬಂದ್ರೆ ಒಂದ್ಸಲಕ್ಕೆ ಸಾಕು. ಪುಡಿ ಜಾಸ್ತಿ ಹಾಕ್ಬೇಡಿ, ಚರ್ಮ ಒಣಗಿ ಒಡೆಯುತ್ತೆ. ಬಾಟ್ಲಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೂಟಕ್ಕೆ ಕಟ್ಟಿಬಿಡಿ. ಜ್ಯೂಸ್ ಬಾಟ್ಲೀಲಿ ತುಂಬಿಟ್ರೆ ಮಕ್ಕಳು ಕುಡಿದ್ಬಿಡ್ತಾರೆ, ಇದನ್ನ ಸುಮ್ನೆ ಹೇಳ್ತಿಲ್ಲ.

ಸೋಪೇ ಇಡೋರು ಈರುಳ್ಳಿ ಬಲೇಲಿ ಹಾಕಿ ನಲ್ಲಿ ಪಕ್ಕ ನೇತುಹಾಕಿ. ನೆಲದ ಮೇಲೆ ಇಟ್ರೆ ಕಾಗೆ ಎತ್ಕೊಂಡು ಹೋಗುತ್ತೆ, ಹಿತ್ತಲಿರೋ ಮನೆಯವ್ರಿಗೆಲ್ಲ ಇದು ಗೊತ್ತಿರೋದೇ, ಅದಕ್ಕೇ ಸೋಪನ್ನ ಒಳಗೆ ಬಚ್ಚಿಡ್ತಾರೆ, ಬಚ್ಚಿಟ್ಟಿದ್ದನ್ನ ಯಾರೂ ಹುಡುಕ್ಕೊಂಡು ಹೋಗಿ ಕೈ ತೊಳೆಯಲ್ಲ. ನೇತಾಡೋ ಸೋಪಿಗೆ ನೀರು ನಿಲ್ಲಲ್ಲ, ಬೇಗ ಕರಗೋದೂ ಇಲ್ಲ, ಬಲೆ ಮೇಲೇನೇ ಉಜ್ಜಿದ್ರೆ ಸಾಕು. ಒಂದೇ ಸೋಪು ಎಲ್ರೂ ಮುಟ್ಟಿದ್ರೆ ರೋಗ ಹರಡುತ್ತಾ ಅಂತ ಚಿಂತೆ ಬೇಡ, ನೊರೆ ಜೊತೆ ತೊಳೆದು ಹೋಗುತ್ತೆ.

"ಕೀಟಾಣು ಕೊಲ್ಲೋ" ಅಂತ ಜಾಹೀರಾತು ಬರೋ ಸೋಪೇ ಬೇಕಾ? ಬೇಡ. ಅಂಥ ಸೋಪುಗಳಲ್ಲಿ ಹಾಕ್ತಿದ್ದ ಟ್ರೈಕ್ಲೋಸಾನ್ ಥರದ 19 ರಾಸಾಯನಿಕಗಳನ್ನ 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮನೆ ಬಳಕೆ ಸೋಪುಗಳಿಂದ ತೆಗೆಸ್ತು, ಮಾಮೂಲಿ ಸೋಪಿಗಿಂತ ಹೆಚ್ಚು ಉಪಯೋಗ ಇದೆ ಅಂತ ಕಂಪನಿಗಳು ತೋರಿಸೋಕೆ ಆಗ್ಲಿಲ್ಲ ಅಂತ. ಸೋಪಿನ ಕೆಲಸ ಜಿಡ್ಡು ಬಿಡಿಸೋದು, ಜಿಡ್ಡಿನ ಜೊತೆ ರೋಗಾಣು ನೀರಲ್ಲಿ ಹೋಗುತ್ತೆ, ಹತ್ತು ರೂಪಾಯಿ ಸೋಪೂ ಅದೇ ಮಾಡುತ್ತೆ.

ಬೂದಿ? ಸೋಪು ಇಲ್ದೇ ಇದ್ರೆ ಒಲೆಯ ಸೋಸಿದ ಬೂದಿ ಬರೀ ನೀರಿಗಿಂತ ಮೇಲು, ಆದ್ರೆ ಸೋಪು ಇಟ್ಕೊಂಡು ಬೂದಿ ಹಿಡಿಯೋದ್ರಲ್ಲಿ ಅರ್ಥ ಇಲ್ಲ. ಮಣ್ಣು ಬೇಡ್ವೇ ಬೇಡ, ಹಿತ್ತಲ ಮಣ್ಣಲ್ಲಿ ಜಂತುಹುಳದ ಮೊಟ್ಟೆ ಇರ್ಬಹುದು. ಸ್ಯಾನಿಟೈಸರ್ ಬಸ್ಸಲ್ಲಿ, ಸಂತೇಲಿ ಸರಿ, ಶೇ. 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರ್ಬೇಕು, ಆದ್ರೆ ಕೈ ಕಣ್ಣಿಗೆ ಕಾಣೋ ಹಾಗೆ ಗಲೀಜಿದ್ರೆ, ಜಿಡ್ಡಿದ್ರೆ ಅದು ಕೆಲಸ ಮಾಡಲ್ಲ.

ಹಂತ 5: ತೊಳೆಯೋದು

ಒದ್ದೆ ಮಾಡಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಇಪ್ಪತ್ತು ಎಣಿಸೋವರೆಗೆ ನಿಧಾನಕ್ಕೆ ಉಜ್ಜಿ. ಅಂಗೈ ಎಲ್ರೂ ಉಜ್ತಾರೆ, ಬಿಟ್ಟು ಹೋಗೋದು ಬೆರಳ ಸಂದು, ಹೆಬ್ಬೆರಳು, ಉಗುರಿನ ಕೆಳಗೆ. ಮುದ್ದೆ ತಿರುವಿ, ರಾಗಿ ಹಿಟ್ಟು ಕಲಸಿ ಉಗುರಲ್ಲಿ ಕೂತಿರುತ್ತಲ್ಲ, ಅದ್ರ ಕೆಳಗೆ ಸಗಣೀನೂ ಕೂತಿರುತ್ತೆ. ಉಗುರು ಚಿಕ್ಕದಾಗಿ ಕತ್ತರಿಸ್ಕೊಂಡ್ರೆ ಅರ್ಧ ಕೆಲಸ ಕಮ್ಮಿ. ಬಿಸಿನೀರೇ ಆಗ್ಬೇಕು ಅಂತಿಲ್ಲ.

ಒರೆಸೋದ್ರಲ್ಲಿ ಎಲ್ರೂ ತಪ್ತಾರೆ. ಚೆನ್ನಾಗಿ ತೊಳೆದು ಸೆರಗಿಗೋ, ಪಂಚೆಗೋ, ವಾರದಿಂದ ಬಾಗಿಲ ಮೊಳೇಲಿ ನೇತಾಡ್ತಿರೋ ಟವಲ್‌ಗೋ ಒರೆಸ್ಕೊಂಡ್ರೆ ತೊಳೆದಿದ್ದು ನೀರಲ್ಲಿ ಹೋಯ್ತು. ಒಗೆದ ಬಟ್ಟೆ ಇಲ್ಲಾಂದ್ರೆ ಕೊಡವಿ, ಗಾಳೀಲಿ ಒಣಗ್ಲಿ.

ಹಂತ 6: ಯಾವ್ಯಾವಾಗ

ಅಡುಗೆಗೆ ಕೈ ಹಾಕೋ ಮುಂಚೆ, ಊಟಕ್ಕೆ ಮುಂಚೆ, ಮಗೂಗೆ ತಿನ್ನಿಸೋ ಮುಂಚೆ, ಕಕ್ಕಸಿಂದ ಬಂದ್ಮೇಲೆ, ಮಗೂನ ತೊಳೆದ್ಮೇಲೆ, ಸಗಣಿ, ದನ, ಕೋಳಿ ಮುಟ್ಟಿದ್ಮೇಲೆ. ಇದ್ರಲ್ಲಿ ಎರಡನ್ನ ಬಿಟ್ಟೇಬಿಡ್ತೀವಿ. ಒಂದು, ಮಗೂನ ತೊಳೆದ್ಮೇಲೆ. ಎಳೇ ಮಗೂದು ಗಲೀಜಲ್ಲ ಅನ್ನೋ ಭಾವನೆ ಅಜ್ಜಿಯಂದ್ರಿಗಿದೆ, ಆದ್ರೆ ಭೇದಿ ಹರಡೋ ರೋಗಾಣು ಅದ್ರಲ್ಲೂ ಅಷ್ಟೇ ಇರುತ್ತೆ. ಎರಡು, ಅಡುಗೆಗೆ ಮುಂಚೆ. ಎಲ್ಲಾ ಆರೂ ಒಟ್ಟಿಗೆ ಶುರು ಮಾಡೋಕೆ ಆಗಲ್ಲ ಅನ್ನೋರು ಅಡುಗೆಗೆ ಮುಂಚೆ, ಮಗೂಗೆ ತಿನ್ನಿಸೋ ಮುಂಚೆ, ಕಕ್ಕಸಾದ್ಮೇಲೆ, ಈ ಮೂರು ಹಿಡ್ಕೊಳ್ಳಿ.

ಉಪಯೋಗ ಎಷ್ಟು ಅಂತ ಕೇಳೋರಿಗೆ: ಪಾಕಿಸ್ತಾನದ ಕರಾಚಿಯ ಕೊಳೆಗೇರಿಗಳಲ್ಲಿ ಮನೆಮನೆಗೆ ಸೋಪು ಕೊಟ್ಟು, ವಾರವಾರ ಹೋಗಿ ಹೇಳಿ ನೋಡಿದ ಅಧ್ಯಯನ 2005ರಲ್ಲಿ ಬಂತು, ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ, ಅಂದ್ರೆ ಶ್ವಾಸಕೋಶದ ಸೋಂಕು, ಅರ್ಧಕ್ಕೆ ಇಳೀತು, ಭೇದಿಯೂ ಅರ್ಧದಷ್ಟು ಕಮ್ಮಿ ಆಯ್ತು. ಎಲ್ಲಾ ಕಡೆ ಇಷ್ಟೇ ಬರಲ್ಲ, ಬೇರೆ ಬೇರೆ ಅಧ್ಯಯನ ಒಟ್ಟು ಸೇರ್ಸಿ ನೋಡಿದ್ರೆ ಭೇದಿ ಸುಮಾರು ಮೂರರಲ್ಲೊಂದು ಪಾಲು ಕಮ್ಮಿಯಾಗುತ್ತೆ. ಕೆಮ್ಮು, ನೆಗಡೀನೂ ಕೈಯಿಂದ ಹರಡುತ್ತೆ ಅನ್ನೋದನ್ನ ನಾವು ಕೋವಿಡ್ ಮುಗಿದ ಕೂಡ್ಲೇ ಮರೆತ್ವಿ.

ರೇಷ್ಮೆ ಮನೆಯವ್ರಿಗೆ ನಾನು ಹೆಚ್ಚು ಹೇಳ್ಬೇಕಾಗಿಲ್ಲ. ಹುಳು ಮನೆ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬೇಸಿನ್ ಇಟ್ಟಿರ್ತೀರಿ, ಕೈ ಅದ್ದದೆ, ಚಪ್ಪಲಿ ಬಿಡದೆ ಒಳಗೆ ಬಂದ್ರೆ ಮಾವನವ್ರೇ ಆಗ್ಲಿ ಬೈತೀರಿ, ನಾಲ್ಕನೇ ಜ್ವರ (ಹುಳು ನಾಲ್ಕನೇ ಸಲ ಪೊರೆ ಬಿಡೋದು) ಎದ್ದ ಹುಳಕ್ಕೆ ಹಾಲುತೊಂಡೆ ರೋಗ ಬಂದ್ಬಿಟ್ರೆ ಇಡೀ ಬೆಳೆ ತಿಪ್ಪೆಗೆ ಅಂತ ಗೊತ್ತು. ಸೊಪ್ಪು ಹಾಕಿ ಹೊರಗೆ ಬಂದು ಅದೇ ಕೈಲಿ ಮಗೂಗೆ ಬಿಸ್ಕೆಟ್ ಕೊಡೋವಾಗ ಆ ಶಿಸ್ತು ಎಲ್ಲಿ ಹೋಗುತ್ತೆ? ಹುಳು ಮನೆ ಬೇಸಿನ್ ಪಕ್ಕಾನೇ ಈ ನಲ್ಲಿ ಬಕೆಟ್ ಇಟ್ಟುಬಿಡಿ, ಒಳಗೆ ಹೋಗುವಾಗ ಬ್ಲೀಚಿಂಗ್, ಹೊರಗೆ ಬಂದಾಗ ಸೋಪು. ಊಟದ ಕೈಗೆ ಬ್ಲೀಚಿಂಗ್ ನೀರೇ ಸಾಕು ಅಂತ ಮಾಡ್ಬೇಡಿ, ಅದು ಜಿಡ್ಡು ಬಿಡಿಸಲ್ಲ, ದಿನಕ್ಕೆ ಹತ್ತು ಸಲ ಅದ್ದಿದ್ರೆ ಕೈ ಬಿರಿಯುತ್ತೆ.

ಹಂತ 7: ಔಷಧಿ ಹೊಡೆದ ಕೈಗೆ ಬೇರೆ ವ್ಯವಸ್ಥೆ

ಟೊಮ್ಯಾಟೊ, ದ್ರಾಕ್ಷಿ, ಕ್ಯಾಪ್ಸಿಕಂ ಬೆಳೆಯೋರು ಇದನ್ನ ಬಿಡ್ಬೇಡಿ. ಔಷಧಿ ಹೊಡೆದ ಕೈನ ಮನೆ ಬಕೆಟ್‌ಗೆ ತರ್ಬೇಡಿ, ತೋಟದಲ್ಲೇ ಬೇರೆ ನೀರು, ಬೇರೆ ಸೋಪು ಇಟ್ಕೊಳ್ಳಿ. ಇಲ್ಲಿ ಕಾಲು ಲೀಟರ್ ಲೆಕ್ಕ ನಡೆಯಲ್ಲ, ಹರಿಯೋ ನೀರಲ್ಲಿ ಮೊಣಕೈವರೆಗೂ ಎರಡು ಸಲ ಸೋಪು ಹಾಕಿ. ಗ್ಲೌಸ್ ಹಾಕಿದ್ರೆ ಗ್ಲೌಸ್ ಮೇಲೇನೇ ಮೊದ್ಲು ತೊಳೆದು ಆಮೇಲೆ ಬಿಚ್ಚಿ. ಸ್ಯಾನಿಟೈಸರ್ ಇದಕ್ಕೆ ಪ್ರಯೋಜನ ಇಲ್ಲ, ಅದು ಔಷಧೀನ ತೆಗೆಯಲ್ಲ. ನಡುವೆ ಬೀಡಿ ಹಚ್ಚೋದು, ಎಲೆಅಡಿಕೆ ಹಾಕ್ಕೊಳ್ಳೋದು, ಬಾಯಿಗೆ ಕೈ ಹೋಗೋ ಯಾವುದೂ ಬೇಡ. ಸ್ಪ್ರೇಯರ್ ತೊಳೆದ ನೀರು ಕುಂಟೆಗೆ, ಬೋರ್ ಹತ್ರಕ್ಕೆ ಹರೀಬಾರ್ದು. ಬಟ್ಟೇನೂ ಮನೆಯವ್ರ ಬಟ್ಟೆ ಜೊತೆ ನೆನೆ ಹಾಕ್ಬೇಡಿ.

ಹಂತ 8: ಅಭ್ಯಾಸ ಹತ್ತಿಸೋದು

"ಕೈ ತೊಳಿ, ರೋಗ ಬರುತ್ತೆ" ಅಂತ ದಿನಾ ಬೈದ್ರೆ ಆಗಲ್ಲ, ಆಗೋ ಹಾಗಿದ್ರೆ ಇಷ್ಟೊತ್ತಿಗೆ ಆಗಿರ್ತಿತ್ತು. ನಮ್ ಮುಳಬಾಗಿಲು ಗಡಿ ದಾಟಿದ್ರೆ ಸಿಗೋ ಆಂಧ್ರದ ಚಿತ್ತೂರು ಜಿಲ್ಲೇಲಿ 2011ರಲ್ಲಿ 14 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದ್ರು. ರೋಗದ ಮಾತೇ ಎತ್ತಲಿಲ್ಲ. ಒಳ್ಳೇ ಅಮ್ಮ ಮಗೂಗೆ ಒಳ್ಳೇ ನಡತೆ ಕಲಿಸ್ತಾಳೆ ಅಂತ ಕತೆ ತೋರಿಸಿದ್ರು, ಕೊಳಕು ಕೈಲಿ ಲಾಡು ಕಟ್ಟೋ ಒಂದು ಪಾತ್ರ ತೋರಿಸಿ ಜನ "ಥೂ" ಅನ್ನೋ ಹಾಗೆ ಮಾಡಿದ್ರು. ಶುರುವಿನಲ್ಲಿ ಸೋಪು ಹಾಕಿ ಕೈ ತೊಳೀತಿದ್ದದ್ದು ನೂರರಲ್ಲಿ ಒಂದು ಸಲ, ಆರು ತಿಂಗಳಾದ್ಮೇಲೆ ಶೇ. 37. ಕಾರ್ಯಕ್ರಮ ಮಾಡದ ಹಳ್ಳಿಗಳಲ್ಲಿ ಶೇ. 6. ಅಸಹ್ಯ ಮತ್ತು ಮರ್ಯಾದೆ, ಈ ಎರಡು ಕೆಲಸ ಮಾಡಿದಷ್ಟು ಭಯ ಮಾಡಲ್ಲ ಅನ್ನೋದು ನನ್ನ ಅಭಿಪ್ರಾಯ. ಮಗೂಗೆ "ಸಗಣಿ ಮುಟ್ಟಿದ ಕೈಲಿ ಮುದ್ದೆ ತಿಂತೀಯಾ, ಥೂ" ಅಂದ್ರೆ ಸಾಕು, ಅದಕ್ಕೆ ಬ್ಯಾಕ್ಟೀರಿಯಾ ಪಾಠ ಬೇಡ.

ಇನ್ನೊಂದು ಸುಲಭದ್ದು. ಬಾಂಗ್ಲಾದೇಶದ ಎರಡು ಸ್ಕೂಲಲ್ಲಿ ಕಕ್ಕಸಿಂದ ನಲ್ಲಿ ತನಕ ಬಣ್ಣದ ದಾರಿ ಮಾಡಿ ಹೆಜ್ಜೆ ಗುರುತು ಹಾಕಿದ್ರು, ನಲ್ಲಿ ಹತ್ರ ಅಂಗೈ ಗುರುತು. ಪಾಠ ಏನೂ ಇಲ್ಲ. ನೂರಕ್ಕೆ ನಾಲ್ಕು ಸಲ ಇದ್ದ ಕೈ ತೊಳೆಯೋದು ಮಾರನೇ ದಿನಾನೇ 68ಕ್ಕೆ ಹೋಯ್ತು, ಆರು ವಾರ ಆದ್ಮೇಲೂ 74 ಇತ್ತು. ನಮ್ ಮನೆಗಳಲ್ಲಿ ಗೋಕುಲಾಷ್ಟಮಿಗೆ ಕೃಷ್ಣನ ಪಾದ ಬರೀತೀವಲ್ಲ, ಅದೇ ಥರ ಕಕ್ಕಸಿನ ಬಾಗಿಲಿಂದ ಬಕೆಟ್ ತನಕ ಆಯಿಲ್ ಪೇಂಟಲ್ಲಿ ಮಕ್ಕಳ ಹತ್ರಾನೇ ಪಾದ ಬರೆಸಿ, ತಾವೇ ಬರೆದಿದ್ದು ಅಂತ ತುಳ್ಕೊಂಡು ಹೋಗ್ತಾರೆ.

ದೊಡ್ಡೋರದ್ದೇ ಕಷ್ಟ. ಮನೆ ಯಜಮಾನ್ರಿಗೆ, ಅತ್ತೆಯವ್ರಿಗೆ ಸೊಸೆ ಹೇಳೋಕಾಗಲ್ಲ, ಹೇಳಿದ್ರೆ ಮುನಿಸು. ಅಲ್ಲಿ ಬಾಯಿ ಬಳಸ್ಬೇಡಿ. ತಟ್ಟೆ ಬಡಿಸೋ ಮುಂಚೆ ಮಗೂನ ಕೈಲಿ "ತಾತ ಬಾ, ಕೈ ತೊಳ್ಕೊಳ್ಳೋಣ" ಅಂತ ಕರೆಸಿ, ಮೊಮ್ಮಗಳು ಕರೆದ್ರೆ ಯಾವ ತಾತನೂ ಇಲ್ಲ ಅನ್ನಲ್ಲ. ಎಲ್ರೂ ಕೈ ತೊಳೆದು ಬರೋ ತನಕ ತಟ್ಟೆ ಇಡ್ಬೇಡಿ, ಸಾರು ಆರಿದ್ರೆ ಆರ್ಲಿ.

ಹಂತ 9: ನಡೀತಿದೆಯಾ ಅಂತ ನೋಡೋದು

ಯಾರನ್ನೂ ಕೇಳ್ಬೇಡಿ, ಕೇಳಿದ್ರೆ ಎಲ್ರೂ ತೊಳೀತೀವಿ ಅಂತಾರೆ. ಸೋಪು ನೋಡಿ. ಐದು ಜನರ ಮನೇಲಿ ಬಕೆಟ್ ಹತ್ರ ಇಟ್ಟ ಸೋಪು ಎರಡು ವಾರ ಆದ್ರೂ ಅಕ್ಷರ ಅಳಿಸ್ದೇ ಹಾಗೇ ಇದೆ, ಒಣಗಿ ಸೀಳು ಬಿಟ್ಟಿದೆ ಅಂದ್ರೆ ಯಾರೂ ಮುಟ್ತಿಲ್ಲ. ಆಗ ಜನರನ್ನ ಬೈಯೋ ಮುಂಚೆ ಬಕೆಟ್ ಜಾಗ ಬದಲಾಯ್ಸಿ, ಅಡುಗೆಮನೆ ಬಾಗಿಲಿಗೆ ಇನ್ನೂ ಎರಡು ಹೆಜ್ಜೆ ಹತ್ರ ತಂದು ನೋಡಿ, ಹಿತ್ತಲಲ್ಲಿ ರಾತ್ರಿ ಕತ್ತಲಿದ್ರೆ ಒಂದು ಬಲ್ಬ್ ಹಾಕಿ. ನೀರು ಖಾಲಿಯಾಗಿ ಬಕೆಟ್ ಒಣಗಿದ್ರೆ ತುಂಬಿಸೋ ಕೆಲಸ ಯಾರದ್ದು ಅಂತ ಹೆಸರು ಹಿಡಿದು ಹೇಳಿ, ನೀರು ಬಿಡೋ ದಿನ ಬಿಂದಿಗೆಗಳ ಜೊತೆ ಮೊದ್ಲು ಇದೇ ತುಂಬ್ಬೇಕು ಅಂತ ಮಾಡಿ. ನಲ್ಲಿ ತೊಟ್ಟಿಕ್ತಿದ್ರೆ ಬಿಚ್ಚಿ ಟೇಪ್ ಸುತ್ತಿ, ಗಡಸು ನೀರಿಗೆ ನಲ್ಲಿ ಬಾಯಲ್ಲಿ ಬಿಳಿ ಕಲ್ಲು ಕಟ್ಟಿರುತ್ತೆ, ನಿಂಬೆ ಸಿಪ್ಪೇಲಿ ಉಜ್ಜಿ ರಾತ್ರಿ ಬಿಟ್ರೆ ಬಿಡುತ್ತೆ. ವಾಷರ್ ಒಂದೆರಡು ಜಾಸ್ತೀನೇ ತಂದಿಟ್ಕೊಳ್ಳಿ, ಬೇಸಿಗೇಲಿ ಬಿಸಿಲಿಗೆ ರಬ್ಬರ್ ಸೀಳುತ್ತೆ.